ಮೊಬೈಲಲ್ಲಿ ಕಾಣೋ ಮಳೆ, ಮಾಪಕಕ್ಕೆ ಬಿದ್ದ ಮಳೆ

ಪುನರ್ವಸು ಮಳೆ ಹಿಡಿದು ಕೂತಿದೆ. ಅಡಿಕೆಗೆ ಮೊದಲನೇ ಮದ್ದು ಮುಗಿದಿದೆ, ಎರಡನೆಯದಕ್ಕೆ ಹೊಳವಾಗಬೇಕು. ತೋಟಕ್ಕೆ ಇಳಿಯೋ ಹಾಗಿಲ್ಲ. ಹಾಗಾಗಿ ಬಹಳ ದಿನದಿಂದ ಬರೀಬೇಕು ಅಂತ ಇಟ್ಟುಕೊಂಡಿದ್ದ ವಿಷಯ ಇವತ್ತು ಬರೀತಾ ಇದ್ದೀನಿ. ಸ್ವಲ್ಪ ಉದ್ದ ಆಗುತ್ತೆ. ಕೊನೇಲಿ ಗ್ರಾಮಸಭೆಯ ಮಾತಿದೆ, ಅಲ್ಲಿವರೆಗೆ ಓದಿ.

ಈ ವಾರ ಮೂರು ಜನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ರು. "ನಮ್ಮನೆ ಅಂಗಳದ ಮಾಪಕದಲ್ಲಿ 110 ಮಿಲಿಮೀಟರ್ ಆಗಿದೆ. ಪಂಚಾಯ್ತಿ ಮಾಪಕ 82 ಅಂತಿದೆ. ಮೊಬೈಲ್ 45 ಅಂತಿದೆ. ಇದ್ರಲ್ಲಿ ಯಾವುದು ಸುಳ್ಳು ಮಾರಾಯ್ರೆ?"

ಮೂರೂ ಸುಳ್ಳಲ್ದೇ ಇರಬಹುದು. ಅಂಗಳದ್ದು ಅಂಗಳದಲ್ಲಿ ಬಿದ್ದ ಮಳೆ. ಪಂಚಾಯ್ತಿದು ಪಂಚಾಯ್ತಿ ಹತ್ರ ಬಿದ್ದ ಮಳೆ. ನಮ್ಮ ಕಡೆ ಒಂದು ಗುಡ್ಡ ದಾಟಿದರೆ ಮಳೆ ಬೇರೆ ಅನ್ನೋದು ನಿಮಗೆ ಹೇಳಬೇಕಾಗಿಲ್ಲ. ಮೊಬೈಲಿನದ್ದು ಮಾತ್ರ ಎಲ್ಲೂ ಬಿದ್ದ ಮಳೆ ಅಲ್ಲ. ಅದು ಲೆಕ್ಕ ಹಾಕಿ ತೆಗೆದ ಮಳೆ. ಆ ಲೆಕ್ಕ ಹೇಗೆ ಹಾಕ್ತಾರೆ ಅನ್ನೋದು ನಮಗೆ ಗೊತ್ತಿದ್ದರೆ, ನಮ್ಮೂರಿನ ಮಾಪಕಕ್ಕೆ ಎಷ್ಟು ಬೆಲೆ ಇದೆ ಅನ್ನೋದೂ ಗೊತ್ತಾಗುತ್ತೆ.

ನಾನು ಓದಿದ್ದು ಎಸ್ಎಸ್ಎಲ್‌ಸಿ. ಮಳೆ ಲೆಕ್ಕ ಮಾತ್ರ 2004ರಿಂದ ನೋಟ್ ಪುಸ್ತಕದಲ್ಲಿ ಬರೆದಿಡ್ತಾ ಬಂದಿದ್ದೀನಿ. ನನ್ನ ತಂಗಿ ಮಗಳು ನೀರಿನ ವಿಷಯದಲ್ಲಿ ಎಂ.ಟೆಕ್ ಮಾಡ್ತಿದ್ದಾಳೆ. ಹೋದ ಬೇಸಿಗೆ ರಜೆಗೆ ಬಂದವಳು ನನ್ನ ಪುಸ್ತಕ ನೋಡಿ, "ಮಾವ, ನಾವು ಕಂಪ್ಯೂಟರಲ್ಲಿ ನೋಡೋ ಮಳೆಯ ಬುಡ ಇದೇ" ಅಂದ್ಲು. ಹೇಗೆ ಅಂತ ಕೇಳಿದೆ. ಎರಡು ದಿನ ಜಗಲಿ ಮೇಲೆ ಕೂತು ಹೇಳಿದ್ಲು. ಆಮೇಲೆ ನಾನೂ ಒಂದಷ್ಟು ಓದಿಕೊಂಡೆ.

ಮೊದಲು ಮಾಪಕದಿಂದ ಶುರು ಮಾಡೋಣ. ಹವಾಮಾನ ಇಲಾಖೆಯ ಸಾಮಾನ್ಯ ಮಳೆಮಾಪಕದ ಬಾಯಿ 200 ಚದರ ಸೆಂಟಿಮೀಟರ್, ಕೆಲವು ಕಡೆ 100. ಅಂದ್ರೆ ಊಟದ ತಟ್ಟೆಗಿಂತ ಚಿಕ್ಕದು. ದಿನಾ ಬೆಳಿಗ್ಗೆ 8.30ಕ್ಕೆ ನೀರು ಅಳೀತಾರೆ. ಹಿಂದಿನ 24 ಗಂಟೆ ಬಿದ್ದ ಮಳೆಯನ್ನ ಅಳೆದ ದಿನದ ಹೆಸರಿಗೆ ಬರೀತಾರೆ. 5ನೇ ತಾರೀಕು ಸಂಜೆ ಹೊಡೆದ ಮಳೆ 6ನೇ ತಾರೀಕಿನ ಲೆಕ್ಕಕ್ಕೆ ಹೋಗುತ್ತೆ. "ನಿನ್ನೆ ಅಷ್ಟು ಮಳೆ ಬಂತು, ಇವರು ಸೊನ್ನೆ ತೋರಿಸಿದಾರೆ" ಅಂತ ಜಗಳ ಮಾಡೋ ಮೊದಲು ಮರುದಿನದ ಅಂಕಿ ಒಮ್ಮೆ ನೋಡಿ. ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಈಗ ಒಂದು ಕಷ್ಟ ಇದೆ. ಮಾಪಕಗಳು ಸಮವಾಗಿ ಹರಡಿಕೊಂಡಿಲ್ಲ. ಪೇಟೆ ಹತ್ರ, ರಸ್ತೆ ಹತ್ರ, ಡ್ಯಾಮ್ ಹತ್ರ ಜಾಸ್ತಿ. ಕಾಡಿನೊಳಗೆ, ಗುಡ್ಡದ ತಲೆ ಮೇಲೆ ಕಡಿಮೆ. ಕೆಲವು ನೂರು ವರ್ಷದ್ದು, ಕೆಲವು ಹತ್ತು ವರ್ಷದ್ದು. ಬರ ಬಂತಾ, ಮಳೆಗಾಲ ಬದಲಾಗ್ತಿದೆಯಾ, ಹೊಳೆಗೆ ಎಷ್ಟು ನೀರು ಬರುತ್ತೆ ಅಂತ ಲೆಕ್ಕ ಹಾಕೋರಿಗೆ ಎಲ್ಲಾ ಜಾಗಕ್ಕೂ, ಎಲ್ಲಾ ದಿನಕ್ಕೂ ಒಂದೊಂದು ಅಂಕಿ ಬೇಕು. ಹಾಗಾಗಿ ನಕ್ಷೆ ಮೇಲೆ ಚೌಕ ಚೌಕ ಗೆರೆ ಎಳೀತಾರೆ. ಗೆರೆಗಳು ಸೇರೋ ಜಾಗದಲ್ಲಿ ಸರ್ವೆಯವರು ಬಾಂದುಕಲ್ಲು ನೆಟ್ಟ ಹಾಗೆ ಒಂದೊಂದು ಬಿಂದು. ಸುತ್ತಲಿನ ಮಾಪಕಗಳನ್ನ ನೋಡಿ ಆ ಬಿಂದುವಿನ ಮಳೆ ಅಂದಾಜು ಮಾಡ್ತಾರೆ. ಇದಕ್ಕೆ ಗ್ರಿಡ್ ಅಂತಾರೆ.

ನಮ್ಮ ದೇಶದಲ್ಲಿ ಈ ಕೆಲಸ ಮಾಡೋದು ಪುಣೆಯಲ್ಲಿರೋ ಹವಾಮಾನ ಇಲಾಖೆಯವರು. 2006ರಲ್ಲಿ ರಾಜೀವನ್ ಮತ್ತು ಸಂಗಡಿಗರು ಒಂದು ಗ್ರಿಡ್ ಮಾಡಿದ್ರು. ಅದರಲ್ಲಿ ಒಂದು ಚೌಕ 1 ಡಿಗ್ರಿ, ಅಂದ್ರೆ ಸುಮಾರು 110 ಕಿಲೋಮೀಟರ್. ಅದಕ್ಕೆ ದೇಶದಲ್ಲೆಲ್ಲ ಸೇರಿ ಆರಿಸಿಕೊಂಡಿದ್ದು 1,803 ಮಾಪಕ ಮಾತ್ರ. ಯಾಕೆ ಅಷ್ಟೇ ಅಂದ್ರೆ, 1951ರಿಂದ 2003ರವರೆಗೆ ಶೇ. 90ರಷ್ಟು ದಿನದ ಲೆಕ್ಕ ಇರೋ ಮಾಪಕವನ್ನ ಮಾತ್ರ ತಗೊಂಡ್ರು. ನಮ್ಮ ಕಾಲದಲ್ಲಿ ಪರೀಕ್ಷೆಗೆ ಕೂರೋಕೆ ಹಾಜರಿ ಬೇಕಿತ್ತಲ್ಲ, ಹಾಗೆ. ಹಾಜರಿ ಸಾಲದ ಮಾಪಕ, ಎಷ್ಟು ಮಳೆ ಕಂಡಿದ್ದರೂ, ಪುಸ್ತಕದಿಂದ ಹೊರಗೆ.

2014ರಲ್ಲಿ ಪೈ ಮತ್ತು ಸಂಗಡಿಗರು ಇನ್ನೂ ಸಣ್ಣ ಚೌಕದ ಗ್ರಿಡ್ ಕೊಟ್ರು. ಚೌಕ ಕಾಲು ಡಿಗ್ರಿ, 1901ರಿಂದ ಪ್ರತಿದಿನದ ಮಳೆ, ಒಟ್ಟು 6,955 ಮಾಪಕ. ಈ 6,955 ಮಾಪಕವೂ ಎಲ್ಲಾ ದಿನ ಇರೋದಿಲ್ಲ. ಒಂದು ಇದ್ದಾಗ ಇನ್ನೊಂದು ಇಲ್ಲ. ಈಗ ದೇಶದಲ್ಲಿ ಮಳೆ ಮೇಲೆ ಸಂಶೋಧನೆ ಮಾಡೋ ಬಹಳಷ್ಟು ಜನ ಬಳಸೋದು ಇದನ್ನೇ.

ಕಾಲು ಡಿಗ್ರಿ ಅಂದ್ರೆ ನಮ್ಮ ಕಡೆ ಒಂದು ಮಗ್ಗುಲಿಗೆ ಸುಮಾರು 27 ಕಿಲೋಮೀಟರ್. ಎಕರೆ ಲೆಕ್ಕದಲ್ಲಿ ಒಂದು ಚೌಕ 1 ಲಕ್ಷ 80 ಸಾವಿರ ಎಕರೆ ದಾಟುತ್ತೆ. ಅಷ್ಟಕ್ಕೂ ದಿನಕ್ಕೆ ಒಂದೇ ಅಂಕಿ. ಆಗುಂಬೆಯಿಂದ ತೀರ್ಥಹಳ್ಳಿಗೆ ಹಕ್ಕಿ ಹಾರೋ ದಾರೀಲಿ ಅಳೆದರೆ ಹತ್ರ ಹತ್ರ ಇಷ್ಟೇ ದೂರ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ. ತೀರ್ಥಹಳ್ಳಿ ಪೇಟೆಗೆ ಅದರ ಅರ್ಧವೂ ಇಲ್ಲ. ಶಿವಮೊಗ್ಗಕ್ಕೆ ಹೋದರೆ ಇನ್ನೂ ಎಷ್ಟೋ ಕಡಿಮೆ. ಹಾಗಾಗಿ ಒಂದೇ ಚೌಕದೊಳಗೆ ಎರಡು ಮೂರು ಬೇರೆ ಬೇರೆ ಮಳೆಗಾಲ ಇರುತ್ತೆ.

ಅಂದಾಜು ಮಾಡೋ ವಿಧಾನ ಏನು? ಇಲಾಖೆಯವರು ಬಳಸಿದ್ದು ಡೊನಾಲ್ಡ್ ಶೆಪರ್ಡ್ ಅನ್ನೋರು 1968ರಲ್ಲಿ ಬರೆದ ವಿಧಾನ. ಅದರ ತಿರುಳು ಸರಳ. ಹತ್ತಿರದ ಮಾಪಕದ ಮಾತಿಗೆ ತೂಕ ಜಾಸ್ತಿ, ದೂರದ್ದಕ್ಕೆ ಕಡಿಮೆ. ದೂರ ಎರಡು ಪಟ್ಟಾದ್ರೆ ತೂಕ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಇನ್ನೊಂದು ಚೆಂದದ ನಿಯಮ ಇದೆ. ಒಂದೇ ದಿಕ್ಕಿನಲ್ಲಿ ಐದು ಮಾಪಕ ಒತ್ತಾಗಿದ್ದರೆ ಅವಕ್ಕೆ ಐದು ಓಟು ಪೂರ್ತಿ ಸಿಗೋದಿಲ್ಲ, ತೂಕ ಕಡಿಮೆ ಮಾಡ್ತಾರೆ. ಒಂದೇ ಮನೆಯವರು ಐದು ಜನ ಬಂದು ಒಂದೇ ಮಾತು ಹೇಳಿದ್ರೆ ಪಂಚಾಯ್ತಿಕೆಯಲ್ಲಿ ಹಿರಿಯರು ಅದನ್ನ ಹೇಗೆ ತೂಗ್ತಾರೋ ಹಾಗೆ.

ಲೆಕ್ಕ ಮಾಡಿ ನೋಡೋಣ. ದಿಕ್ಕಿನ ವಿಷಯ ಬಿಟ್ಟು ದೂರ ಒಂದನ್ನೇ ಹಿಡಿಯೋಣ. ಒಂದು ಬಿಂದು ಇದೆ. ಅದರಿಂದ 5 ಕಿಲೋಮೀಟರ್ ದೂರದ ಮಾಪಕದಲ್ಲಿ 42 ಮಿಲಿಮೀಟರ್ ಮಳೆ. 10 ಕಿಲೋಮೀಟರ್ ದೂರದ್ದರಲ್ಲಿ 10 ಮಿಲಿಮೀಟರ್. 20 ಕಿಲೋಮೀಟರ್ ದೂರದ್ದರಲ್ಲಿ ಸೊನ್ನೆ. ತೂಕ ಕ್ರಮವಾಗಿ 16, 4, 1. ಗುಣಿಸಿದರೆ 42 ಹದಿನಾರಲೆ 672, 10 ನಾಲ್ಕಲೆ 40, ಇನ್ನೊಂದು ಸೊನ್ನೆ. ಒಟ್ಟು 712. ತೂಕದ ಮೊತ್ತ 21ರಿಂದ ಭಾಗಿಸಿದರೆ ಹತ್ರ ಹತ್ರ 34 ಮಿಲಿಮೀಟರ್. ಆ ಬಿಂದುವಿಗೆ ಅವತ್ತಿನ ಮಳೆ 34.

ಈಗ ಹತ್ತಿರದ ಮಾಪಕ ಕೆಟ್ಟು ನಿಂತಿದೆ, ಲೆಕ್ಕ ಬಂದಿಲ್ಲ ಅಂತ ಇಟ್ಟುಕೊಳ್ಳಿ. ಆಗ ಉಳಿದ ಎರಡರಲ್ಲೇ ಲೆಕ್ಕ. 40ನ್ನು 5ರಿಂದ ಭಾಗಿಸಿದರೆ 8. ಅದೇ ದಿನ, ಅದೇ ಜಾಗ, ಅದೇ ಮಳೆ. ಒಂದು ಮಾಪಕ ಇಲ್ಲದೇ ಹೋದದ್ದಕ್ಕೆ 34 ಹೋಗಿ 8 ಆಯ್ತು.

ಇನ್ನೂ ಕೆಟ್ಟದ್ದು ಒಂದಿದೆ. ಮಾಪಕ ನೋಡೋ ಮನುಷ್ಯ ಅವತ್ತು ಬರಲಿಲ್ಲ. ಮರುದಿನ ಬಂದು, ಖಾಲಿ ಬಿಡೋದು ಬೇಡ ಅಂತ ಹಿಂದಿನ ದಿನಕ್ಕೆ ಸೊನ್ನೆ ಬರೆದ. ಆಗ ತೂಕ 16 ಇರೋ ಮಾಪಕವೇ ಮಳೆ ಇಲ್ಲ ಅಂತ ಸಾಕ್ಷಿ ಹೇಳಿದ ಹಾಗಾಯ್ತು. ಲೆಕ್ಕ 40 ಭಾಗಿಸು 21, ಹತ್ರ ಹತ್ರ 2 ಮಿಲಿಮೀಟರ್. ಸೊನ್ನೆ ಬೇರೆ, ಖಾಲಿ ಬೇರೆ ಅಂತ ನನ್ನ ಸೊಸೆ ನಾಲ್ಕು ಸಲ ಹೇಳಿದ್ಲು. ಖಾಲಿ ಬಿಟ್ಟರೆ "ನನಗೆ ಗೊತ್ತಿಲ್ಲ" ಅಂದ ಹಾಗೆ. ಸೊನ್ನೆ ಬರೆದ್ರೆ "ನಾನು ನೋಡಿದ್ದೀನಿ, ಮಳೆ ಇರಲಿಲ್ಲ" ಅಂದ ಹಾಗೆ. ಮೂರು ದಿನದ ನೀರನ್ನ ಒಟ್ಟಿಗೆ ಅಳೆದು ಒಂದೇ ದಿನಕ್ಕೆ ಬರೆಯೋದೂ ಇದೇ ಜಾತಿಯ ತಪ್ಪು. ಎರಡು ದಿನ ಒಣ, ಮೂರನೇ ದಿನ ಭಾರಿ ಮಳೆ ಅಂತ ಶಾಶ್ವತವಾಗಿ ದಾಖಲಾಗುತ್ತೆ.

ಇಂಥ ತಪ್ಪು ಹಿಡಿಯೋಕೆ ಇಲಾಖೆಯವರು ಲೆಕ್ಕಕ್ಕೆ ಮೊದಲು ಜರಡಿ ಹಿಡೀತಾರೆ. ಮಾಪಕ ಇರೋ ಜಾಗ ನಕ್ಷೇಲಿ ಸರಿಯಾಗಿದೆಯಾ, ಒಂದೇ ಲೆಕ್ಕ ಎರಡು ಸಲ ಬಂದಿದೆಯಾ, 12.0 ಹೋಗಿ 120 ಆಗಿದೆಯಾ ಅಂತ ನೋಡ್ತಾರೆ. ಅಕ್ಕಪಕ್ಕದ ಮಾಪಕಕ್ಕೆ ಹೋಲಿಸಿ ನೋಡೋ ಪದ್ಧತಿಯೂ ಇದೆ. ಬಯಲುಸೀಮೆಗೆ ಇದು ಚೆನ್ನಾಗಿ ಹೊಂದುತ್ತೆ. ಘಟ್ಟದ ಅಂಚಲ್ಲಿ ಅಕ್ಕಪಕ್ಕದಲ್ಲಿ 30 ಇದ್ದು ಒಂದು ಕಡೆ 180 ನಿಜವಾಗಿಯೂ ಬೀಳುತ್ತೆ. ಜರಡಿ ಬಿಗಿಯಾದ್ರೆ ಜೊಳ್ಳಿನ ಜೊತೆ ಗಟ್ಟಿ ಕಾಳೂ ಹೋಗುತ್ತೆ.

ಬರೀ ದೂರ ನೋಡೋ ಲೆಕ್ಕಕ್ಕೆ ಗುಡ್ಡ ಕಾಣೋದಿಲ್ಲ. ಗುಡ್ಡದ ಈ ಕಡೆ ಮಾಪಕ 5 ಕಿಲೋಮೀಟರ್, ಆ ಕಡೆಯದ್ದು 5 ಕಿಲೋಮೀಟರ್ ಆದರೆ ಎರಡಕ್ಕೂ ಒಂದೇ ತೂಕ. ಗಾಳಿಗೆ ಎದುರಿರೋ ಮಗ್ಗುಲು, ಮರೆಯ ಮಗ್ಗುಲು ಅನ್ನೋ ಭೇದ ಅದಕ್ಕಿಲ್ಲ. ಅಮೆರಿಕದ ಆರೆಗಾನ್‌ನಲ್ಲಿ ಪ್ರಿಸ್ಮ್ ಅಂತ ಒಂದು ವಿಧಾನ ಮಾಡಿದ್ದಾರೆ. ಅದರಲ್ಲಿ ಜಾಗದ ಎತ್ತರ, ಇಳಿಜಾರು ಯಾವ ಕಡೆ ಮುಖ ಮಾಡಿದೆ ಅನ್ನೋದನ್ನೂ ಸೇರಿಸಿ ತೂಗ್ತಾರೆ. ಆದ್ರೆ ಅದಕ್ಕೂ ಗುಡ್ಡದ ಮೇಲೆ ಕೆಲವಾದ್ರೂ ಮಾಪಕ ಬೇಕೇ ಬೇಕು.

ಹಾಗಾದ್ರೆ ಉಪಗ್ರಹ ಇದೆಯಲ್ಲ ಅಂತ ಕೇಳಬಹುದು. ಚಿರ್ಪ್ಸ್ ಅಂತ ಒಂದು ಗ್ರಿಡ್ ಇದೆ, ಚೌಕ ಸುಮಾರು 5 ಕಿಲೋಮೀಟರ್, 1981ರಿಂದ ಲೆಕ್ಕ ಇದೆ. ಅದು ಮೋಡದ ತಲೆ ಎಷ್ಟು ತಣ್ಣಗಿದೆ ಅಂತ ಮೇಲಿಂದ ನೋಡಿ ಮಳೆ ಅಂದಾಜು ಮಾಡಿ, ಆಮೇಲೆ ಮಾಪಕಗಳ ಲೆಕ್ಕಕ್ಕೆ ಹೊಂದಿಸುತ್ತೆ. ಗುಡುಗು ಮಳೆಯ ಮೋಡ ಆಕಾಶಕ್ಕೆ ಏರಿ ನಿಲ್ಲುತ್ತೆ, ತಲೆ ತಣ್ಣಗಿರುತ್ತೆ, ಸುಲಭವಾಗಿ ಗೊತ್ತಾಗುತ್ತೆ. ನಮ್ಮ ಆಷಾಢದ ಜಿಟಿಜಿಟಿ ಮಳೆಯ ಮೋಡ ಘಟ್ಟಕ್ಕೆ ತಾಗಿಕೊಂಡು ತಗ್ಗಲ್ಲೇ ಇರುತ್ತೆ. ಮೇಲಿಂದ ನೋಡಿದ್ರೆ ಬೆಚ್ಚಗೆ ಕಾಣುತ್ತೆ. ಅದು ಸುರಿಯೋದು ಎಷ್ಟು ಅಂತ ನಮಗೆ ಗೊತ್ತು, ಮೇಲಿನ ಕಣ್ಣಿಗೆ ಕಡಿಮೆ ಕಾಣುತ್ತೆ. ಕೊನೆಗೆ ಅದನ್ನೂ ತಿದ್ದಬೇಕಾದ್ದು ನೆಲದ ಮೇಲಿನ ಮಾಪಕವೇ.

ಸರಾಸರಿ ಮಾಡೋದ್ರಿಂದ ಇನ್ನೊಂದು ಆಗುತ್ತೆ. ದೊಡ್ಡ ಮಳೆ ಚಿಕ್ಕದಾಗುತ್ತೆ, ಮಳೆ ಬರದ ದಿನಕ್ಕೂ ಒಂದು ಚೂರು ಮಳೆ ಸೇರಿಕೊಳ್ಳುತ್ತೆ. ಚೌಕದ ಒಂದು ಮೂಲೇಲಿ ಮಳೆ ಬಿದ್ರೂ ಇಡೀ ಚೌಕಕ್ಕೆ ಮಳೆ ದಿನ. ಹಾಗಾಗಿ ಗ್ರಿಡ್‌ನಲ್ಲಿ ಮಳೆ ದಿನ ಜಾಸ್ತಿ, ಒಂದೇ ಏಟಿಗೆ ಬಿದ್ದ ಭಾರಿ ಮಳೆ ಕಡಿಮೆ. ತಿಂಗಳ ಒಟ್ಟು ಮಳೆ, ಜಿಲ್ಲೆಯ ಮಳೆ ನೋಡೋಕೆ ಗ್ರಿಡ್ ಒಳ್ಳೇದೇ. ಒಬ್ಬ ರೈತನ ಒಂದು ದಿನದ ಮಳೆ ನೋಡೋಕೆ ಅದನ್ನ ಮಾಡಿದ್ದಲ್ಲ.

ಹಳೇ ವರ್ಷದ ಹೋಲಿಕೆಯಲ್ಲೂ ಎಚ್ಚರ ಬೇಕು. ಒಂದು ಚೌಕದಲ್ಲಿ 1980ರವರೆಗೆ ಪೂರ್ವದ ಒಣ ಭಾಗದಲ್ಲಿ ಮಾತ್ರ ಮಾಪಕ ಇತ್ತು, ಆಮೇಲೆ ಘಟ್ಟದ ಅಂಚಿಗೆ ಒಂದು ಹೊಸದು ಬಂತು ಅಂತ ಇಟ್ಟುಕೊಳ್ಳಿ. ಆ ಚೌಕದಲ್ಲಿ ಮಳೆ ಜಾಸ್ತಿ ಆಗ್ತಾ ಬಂದಿದೆ ಅಂತ ಗ್ರಾಫ್ ತೋರಿಸುತ್ತೆ. ಆಕಾಶದಲ್ಲಿ ಏನೂ ಬದಲಾಗಿಲ್ಲ, ಮಾಪಕ ಬಂದಿದೆ ಅಷ್ಟೇ. ಘಟ್ಟದ ಮಾಪಕ ನಿಂತು ಹೋದರೆ ಉಲ್ಟಾ, ಬರ ಬಂದ ಹಾಗೆ ಕಾಣುತ್ತೆ. "ಮಳೆ ಕಡಿಮೆ ಆಗಿದೆ, ಜಾಸ್ತಿ ಆಗಿದೆ" ಅನ್ನೋ ಸುದ್ದಿ ಓದುವಾಗ, ಮಾಪಕ ಅವೇ ಇದ್ವಾ ಅನ್ನೋ ಪ್ರಶ್ನೆ ತಲೇಲಿ ಇರಲಿ.

ಈಗ ನಮ್ಮ ಬುಡಕ್ಕೆ ಬರ್ತೀನಿ. ನಮ್ಮ ರಾಜ್ಯದಲ್ಲಿ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿಗೆ ಒಂದರ ಹಾಗೆ 6,000ಕ್ಕೂ ಹೆಚ್ಚು ತಾನಾಗೇ ಲೆಕ್ಕ ಕಳಿಸೋ ಮಾಪಕ ಇಟ್ಟಿದ್ದಾರೆ. ಸೋಲಾರಿನಲ್ಲಿ ನಡೆಯುತ್ತೆ, 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿ ಹೋಗುತ್ತೆ. ಇಡೀ ದೇಶದ ಗ್ರಿಡ್‌ಗೆ ಬಳಸಿದ್ದು 6,955 ಮಾಪಕ ಅಂತ ಮೇಲೆ ಹೇಳಿದೆ. ನಮ್ಮ ಒಂದು ರಾಜ್ಯದಲ್ಲೇ ಇಷ್ಟಿವೆ. ಇದು ಸಣ್ಣ ಆಸ್ತಿ ಅಲ್ಲ.

ಅಡಿಕೆ, ಮೆಣಸಿಗೆ ನಾವು ಕಟ್ಟೋ ಹವಾಮಾನ ಆಧಾರಿತ ವಿಮೆ ನಿಂತಿರೋದು ಇಂಥ ಮಾಪಕದ ಮೇಲೆ. ಶೇ. 5ರಷ್ಟು ಕಂತು ನಮ್ಮ ಪಾಲು. ಇದರಲ್ಲಿ ಯಾರೂ ತೋಟಕ್ಕೆ ಬಂದು ಕೊಳೆ ನೋಡೋದಿಲ್ಲ. ಮಾಪಕದ ಅಂಕಿ ಏನು ಹೇಳುತ್ತೋ ಅದೇ ತೀರ್ಪು. ಮಾಪಕದ ಲೆಕ್ಕ ಬರದಿದ್ರೆ ಬದಲಿ ಮಾಪಕ ಅಂತ ಇನ್ನೊಂದನ್ನ ಮೊದಲೇ ಗೊತ್ತು ಮಾಡಿರ್ತಾರೆ, ಅದರ ಅಂಕಿ ಹಿಡೀತಾರೆ. ನಾನು ಮೇಲೆ ಮಾಡಿದ ಲೆಕ್ಕದಲ್ಲಿ 34 ಹೋಗಿ 8 ಆಯ್ತಲ್ಲ, ಇಲ್ಲಿ ಆಗೋದೂ ಅದೇ. ಹತ್ತಿರದ ಸಾಕ್ಷಿ ಬರದಿದ್ರೆ ದೂರದವನ ಮಾತೇ ಗತಿ.

ಎರಡು ವರ್ಷದ ಹಿಂದೆ ನಮಗೆ ಆಗಿದ್ದು ಅದು. ಆಶ್ಲೇಷ ಮಳೇಲಿ 11 ದಿನ ನಮ್ಮ ಪಂಚಾಯ್ತಿ ಮಾಪಕದ ಲೆಕ್ಕ ಹೋಗಿರಲಿಲ್ಲ. ಬದಲಿ ಅಂತ ಹಿಡಿದದ್ದು ಪೂರ್ವದ ಕಡೆಯ, ಮಳೆ ಕಡಿಮೆ ಬೀಳೋ ಪಂಚಾಯ್ತಿಯದ್ದು. ಆ 11 ದಿನಕ್ಕೆ ನನ್ನ ಪುಸ್ತಕದಲ್ಲಿ 640 ಮಿಲಿಮೀಟರ್ ಇದೆ. ಒಂದು ಎಕರೆಗೆ 1 ಮಿಲಿಮೀಟರ್ ಅಂದ್ರೆ 4,000 ಲೀಟರ್ ನೀರು, ನೀವೇ ಗುಣಿಸಿ. ಕೊಳೆ ಬಂದು ಮರದ ಬುಡದಲ್ಲಿ ಕಾಯಿ ಹಾಸಿತ್ತು. ಪರಿಹಾರದ ಲೆಕ್ಕದಲ್ಲಿ ಆ 11 ದಿನ ಸಾಧಾರಣ ಮಳೆ. ಬ್ಯಾಂಕಿಗೆ ಹೋಗಿ ಕೂಗಾಡಿದವರು ಬಹಳ ಜನ. ಬ್ಯಾಂಕಿನವರು ಮಳೆ ಅಳೆಯೋದಿಲ್ಲ, ಅವರ ಹತ್ರ ಉತ್ತರ ಇರಲಿಲ್ಲ. ನನ್ನ ಪುಸ್ತಕ ತೋರಿಸಿದೆ, ಖಾಸಗಿ ಲೆಕ್ಕ ನಡೆಯಲ್ಲ ಅಂದ್ರು. ನಿಯಮ ನೋಡಿದ್ರೆ ಅದೂ ಸರಿಯೇ. ಇಲ್ಲದಿದ್ರೆ ಎಲ್ಲರೂ ಬೇಕಾದ ಹಾಗೆ ಬರ್ಕೊಂಡು ಹೋಗ್ತಾರೆ.

ಆ 11 ದಿನ ಮಾಪಕಕ್ಕೆ ಏನಾಗಿತ್ತು ಅಂತ ಆಮೇಲೆ ಹೋಗಿ ನೋಡಿದ್ವಿ. ಸೋಲಾರ್ ಹಲಗೆ ಮೇಲೆ ಬಳ್ಳಿ ಹಬ್ಬಿತ್ತು. ಅಷ್ಟೇ. ಒಂದು ಕತ್ತಿ, ಎರಡು ನಿಮಿಷದ ಕೆಲಸ. ನೋಡೋರು ಇರಲಿಲ್ಲ.

ಈ ವರ್ಷ ಬೇರೆ ಅಪಾಯ ಬಂದಿದೆ. ಪಂಚಾಯ್ತಿ ಹಿಂದೆ ಕಸದ ಗಾಡಿ ನಿಲ್ಲಿಸೋಕೆ 12 ಅಡಿ ಎತ್ತರದ ಶೆಡ್ ಕಟ್ಟೋ ಪ್ರಸ್ತಾಪ ಇದೆ. ಗುರುತು ಹಾಕಿದ ಜಾಗ ಮಾಪಕದಿಂದ 8 ಅಡಿ. ಮಾಪಕದ ಸುತ್ತ ಇರೋ ಯಾವುದೇ ಕಟ್ಟಡ, ಮರ ಅದರ ಎತ್ತರದ ಎರಡರಷ್ಟು ದೂರದಲ್ಲಾದ್ರೂ ಇರಬೇಕು ಅನ್ನೋದು ನಿಯಮ. 12 ಅಡಿ ಶೆಡ್ಡಿಗೆ 24 ಅಡಿ ಬೇಕು. ನಮ್ಮ ಮಳೆ ಪಡುವಲಿಂದ ಗಾಳಿ ಜೊತೆ ಓರೆಯಾಗಿ ಬರುತ್ತೆ. ಶೆಡ್ ಬರೋದು ಮಾಪಕದ ಪಡುವಲಿಗೇ. ಅದು ಎದ್ದರೆ ಮಾಪಕ ಮಳೆಯ ಮರೇಲಿ ನಿಲ್ಲುತ್ತೆ. ಕೆಡೋದೂ ಇಲ್ಲ, ನಿಲ್ಲೋದೂ ಇಲ್ಲ. ದಿನಾ ಅಂಕಿ ಕಳಿಸುತ್ತೆ, ಕಡಿಮೆ ಕಳಿಸುತ್ತೆ. ಕೆಟ್ಟ ಮಾಪಕಕ್ಕಿಂತ ಇದು ಕಷ್ಟ, ಯಾಕಂದ್ರೆ ಯಾರಿಗೂ ಅನುಮಾನ ಬರೋದಿಲ್ಲ. ಬದಲಿ ಮಾಪಕಕ್ಕೂ ಹೋಗೋದಿಲ್ಲ. ಮುಂದೆ ಯಾರಾದ್ರೂ ಗ್ರಿಡ್ ಮಾಡುವಾಗ ನಮ್ಮೂರಲ್ಲಿ ಈ ವರ್ಷದಿಂದ ಮಳೆ ಇಳಿಮುಖ ಅಂತ ಬರೀತಾರೆ.

ಶೆಡ್ ಬೇಡ ಅಂತ ನಾನು ಹೇಳ್ತಿಲ್ಲ. ಕಸದ ಗಾಡಿ ಮಳೇಲಿ ನೆನೆಯೋದು ನಾವೂ ನೋಡ್ತಿದ್ದೀವಿ. ಕಟ್ಟಡದ ಬಡಗಲಿಗೆ ಜಾಗ ಇದೆ, ಅಲ್ಲಿ ಕಟ್ಟಲಿ. ಮಾಪಕವನ್ನೇ ಬೇರೆ ಕಡೆ ಸರಿಸೋಣ ಅಂತ ಒಬ್ಬ ಸದಸ್ಯರು ಹೇಳ್ತಿದ್ದಾರೆ. ಅದು ಸುಲಭ ಕಂಡ್ರೂ ಒಳ್ಳೇದಲ್ಲ. ಜಾಗ ಬದಲಾದ್ರೆ ಹಿಂದಿನ ವರ್ಷಗಳ ಜೊತೆ ಹೋಲಿಸೋಕೆ ಆಗದ ಹಾಗಾಗುತ್ತೆ. ಒಂದೇ ಜಾಗದಲ್ಲಿ ಬಹಳ ವರ್ಷ ನಿಂತಿರೋದೇ ಮಾಪಕದ ಬೆಲೆ.

ನಾವು ಮಾಡಬಹುದಾದ್ದು ಇಷ್ಟು.

1. ನಿಮ್ಮ ಪಂಚಾಯ್ತಿ ಮಾಪಕ ಎಲ್ಲಿದೆ ಅಂತ ಒಮ್ಮೆ ಹೋಗಿ ನೋಡಿ. ಬಳ್ಳಿ, ಕೊಂಬೆ, ಗೋಡೆ ಹತ್ರ ಇದ್ದರೆ ಫೋಟೋ ತೆಗೆದು ಪಿಡಿಒ ಅವರಿಗೆ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಮಾಪಕದ ಒಳಗೆ ಕೈ ಹಾಕಬೇಡಿ. ಒಳಗಿನ ಸಣ್ಣ ತೊಟ್ಟಿ ತೂಗಿ ತೂಗಿ ನೀರು ಎಣಿಸುತ್ತೆ, ನೀವು ಮುಟ್ಟಿ ಅಲುಗಾಡಿಸಿದ್ರೆ ಅದೂ ಮಳೆ ಅಂತ ಎಣಿಕೆ ಆಗುತ್ತೆ.

2. ಮಳೆ ಹೊಯ್ತಿದ್ರೂ ಮಾಪಕ ಸೊನ್ನೆ ಕಳಿಸ್ತಿದ್ರೆ, ಇಲ್ಲವೇ ಮಳೆ ನಿಂತು ಬಹಳ ಹೊತ್ತಾದ ಮೇಲೂ ಚೂರು ಚೂರು ತೋರಿಸ್ತಿದ್ರೆ, ಬಾಯಿ ಕಟ್ಟಿಕೊಂಡಿರಬಹುದು. ಎಲೆ, ಜೇಡರ ಬಲೆ ಸಾಕು. ಅವತ್ತೇ ತಿಳಿಸಿ. ವಿಮೆ ತೀರ್ಮಾನ ಆದ ಮೇಲೆ ಹೇಳಿದ್ರೆ ಪ್ರಯೋಜನ ಇಲ್ಲ.

3. ವಿಮೆ ಕಟ್ಟುವಾಗ ನಿಮ್ಮ ಪಂಚಾಯ್ತಿಗೆ ಬದಲಿ ಮಾಪಕ ಯಾವುದು ಅಂತ ಕೇಳಿ ಬರ್ಕೊಳ್ಳಿ. ಗುಡ್ಡದ ಆಚೆಯದ್ದಾದ್ರೆ ಕಟ್ಟೋ ಮೊದಲೇ ಆಕ್ಷೇಪಣೆ ಬರೆದು ಕೊಡೋಣ, ಒಟ್ಟಿಗೆ.

4. ಮನೆ ಮಾಪಕ ಇಟ್ಟುಕೊಂಡವರು ಬೆಳಿಗ್ಗೆ 8.30ಕ್ಕೇ ಅಳೀರಿ. ಊರಿಗೆ ಹೋಗಿದ್ರೆ ಆ ದಿನ ಖಾಲಿ ಬಿಡಿ, ಸೊನ್ನೆ ಬರೀಬೇಡಿ. ಇಂಚು, ಸೆಂಟಲ್ಲಿ ಬರೆಯೋರು ಹಾಗೇ ಬರೀರಿ, 1 ಇಂಚಿಗೆ 25.4 ಮಿಲಿಮೀಟರ್. ನಮ್ಮ ಲೆಕ್ಕ ವಿಮೆಗೆ ನಡೆಯದಿದ್ರೂ ಪಂಚಾಯ್ತಿ ಮಾಪಕ ತಪ್ಪುತ್ತಿದೆ ಅಂತ ತೋರಿಸೋಕೆ ಸಾಕ್ಷಿ ಆಗುತ್ತೆ. ಒಬ್ಬನ ಪುಸ್ತಕ ಒಬ್ಬನ ಮಾತು. ಎಂಟು ಮನೆಯ ಪುಸ್ತಕ ಒಂದೇ ಹೇಳಿದ್ರೆ ತಳ್ಳಿಹಾಕೋದು ಕಷ್ಟ.

ಗ್ರಾಮಸಭೆ ಬರೋ ಗುರುವಾರ 11 ಗಂಟೆಗೆ. ಶೆಡ್ಡಿನ ವಿಷಯ ಪಟ್ಟೀಲಿ ನಾಲ್ಕನೆಯದ್ದು. ಕಳೆದ ಸಲ ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದ್ರು, ನಾಲ್ಕನೆಯದ್ದು ಬಂದಾಗ ಒಂಬತ್ತು ಜನ ಇದ್ವಿ. ಈ ಸಲ ಕೂತಿರೋಣ. ನಾನು 24 ಅಡಿಯ ಹಗ್ಗ ತರ್ತೀನಿ. ಎಲ್ಲರೆದುರಿಗೇ ಅಳೆದು ನೋಡಿದ್ರೆ ವಾದ ಬೇಕಾಗೋದಿಲ್ಲ.